ಬಲಗಣ್ಣಿನ ಗಂಟು

ಮಂಗಳವಾರ, ಮಾರ್ಚ್ ೧೪

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮುದ್ದಿನ ತಂಗಿ ಪುಟ್ಟಿಗೆ,

ನಿನ್ನ ಕಾಗದ ಬಂತು. ನಿನ್ನ ಮಗಳ ಮದುವೆಯ ಉಡುಪು ಹೊಲಿಯಲು ಒಪ್ಪಿಕೊಂಡು, ಕೊನೆಗೆ ಕತ್ತರಿಸಿದ ಬಟ್ಟೆಯನ್ನೇ ವಾಪಸು ಕಳಿಸಿದೆ, ಮದುವೆಗೂ ಬರಲಿಲ್ಲ, ನನಗೆ ಜಂಬ ಎಂದು ಮೂರು ಪುಟ ಬೈದಿದ್ದೀಯ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಓದು.

ಕಳೆದ ವರ್ಷ ನನ್ನ ಬಲಗಣ್ಣಿನ ರೆಪ್ಪೆ ಊದಿಕೊಂಡು ಜೋತುಬಿತ್ತು. ಮೊದಲ ಡಾಕ್ಟರು ಮುಲಾಮು ಕೊಟ್ಟರು. ಎರಡನೆಯವರು ಕನ್ನಡಕ ಬದಲಿಸಿದರು. ಮೂರನೆಯವರು ಬಟ್ಟೆಯ ಧೂಳು ಆಗಿಬರುವುದಿಲ್ಲ, ಹೊಲಿಗೆ ಬಿಡಿ ಎಂದರು. ಮೂವತ್ತು ವರ್ಷ ಆಗಿಬಂದ ಧೂಳು ಈಗ ಮುನಿಸಿಕೊಂಡಿತೇ? ಅಂಗಡಿಗೆ ಬಂದವರಿಗೆಲ್ಲ ನಾನು ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು! ನಿನ್ನ ಭಾವ ಬೇರೆ, ದಿನಕ್ಕೆ ಹತ್ತು ಸಲ, “ನಿಂಗೆ ನಿದ್ದೆ ಸಾಲ್ದು ಕಣೇ.”

ಆ ಉಡುಪಿನ ತೋಳನ್ನು ನಾಲ್ಕು ಸಲ ಹೊಲಿದೆ, ನಾಲ್ಕು ಸಲ ಬಿಚ್ಚಿದೆ. ಹೊಲಿಗೆ ಸೊಟ್ಟಪಟ್ಟ. ನಾಚಿಕೆಯಾಗಿ, ಪುರುಸೊತ್ತಿಲ್ಲ ಎಂದು ಸುಳ್ಳು ಚೀಟಿ ಬರೆದು ಕಳಿಸಿದೆ.

ಮದುವೆ ಕಳೆದು ಒಂದು ವಾರಕ್ಕೆ ನಾಲ್ಕನೆಯ ಡಾಕ್ಟರು, ನಿನ್ನ ಮಗಳ ವಯಸ್ಸಿನ ಹುಡುಗಿ, ಹುಬ್ಬಿನ ಕೆಳಗೆ ಬೆರಳಿಟ್ಟು ಒತ್ತಿನೋಡಿ, ಒಳಗೆ ಗಂಟಿದೆ ಎಂದು ಸ್ಕ್ಯಾನಿಗೆ ಬರೆದುಕೊಟ್ಟಳು. ಸ್ಕ್ಯಾನ್ ಆಯಿತು, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಲಿಂಫೋಮಾ. ಒಂದು ಬಗೆಯ ಕ್ಯಾನ್ಸರು.

“ಅದು ಕುತ್ತಿಗೇಲೋ ಕಂಕುಳಲ್ಲೋ ಬರೋದಲ್ವಾ?” ಎಂದೆ.

“ಸಾಮಾನ್ಯವಾಗಿ ಹೌದಮ್ಮ. ಆದ್ರೆ ಹೊಟ್ಟೆ, ಚರ್ಮ, ಎಲ್ಲಿ ಬೇಕಾದ್ರೂ ಬರಬಹುದು. ನಿಮ್ಗೆ ಕಣ್ಣೀರಿನ ಗ್ರಂಥೀಲಿ ಬಂದಿದೆ. ಅಪರೂಪ.”

“ಜನ್ಮದಲ್ಲಿ ಒಂದು ಲಾಟರಿ ಹೊಡೀಲಿಲ್ಲ, ಈ ಅಪರೂಪ ಮಾತ್ರ ನನ್ನೇ ಹುಡುಕ್ಕೊಂಡು ಬಂತಾ?” ಎಂದು ರೇಗಿದೆ. ಪಾಪ, ನಗುವುದೋ ಬೇಡವೋ ಎಂದು ಅವಳು ಒದ್ದಾಡಿದಳು.

ನಿಧಾನವಾಗಿ ಬೆಳೆಯುವ ಬಗೆಯಂತೆ, ಬೇರೆಲ್ಲೂ ಇಲ್ಲವಂತೆ. ಮುಖವನ್ನು ಜಾಲರಿಯ ಮುಖವಾಡದಲ್ಲಿ ಬಿಗಿದು ಹನ್ನೆರಡು ದಿನ ವಿಕಿರಣ ಕೊಟ್ಟರು. ನಿನ್ನ ಭಾವ ಹೊರಗೆ ಕೂತು ಅತ್ತರಂತೆ. ಗ್ರಂಥಿ ಕೆಟ್ಟಿದ್ದು ನನ್ನದು, ಕಣ್ಣೀರು ಅವರದು! ನಿಮ್ಮ ಸಂತೋಷಕ್ಕೆ ಕಲ್ಲು ಹಾಕುವುದು ಬೇಡವೆಂದು ಇಷ್ಟು ದಿನ ಬಾಯಿ ಬಿಡಲಿಲ್ಲ. ಈಗ ಗಂಟು ಕರಗಿದೆ. ಕಣ್ಣು ಒಣಗುತ್ತದೆ, ಹನಿ ಹಾಕಿಕೊಳ್ಳಬೇಕು, ಆಗಾಗ ಹೋಗಿ ತೋರಿಸಬೇಕು. ನಿನ್ನೆ ಒಂದು ದಿಂಬಿನ ಚೀಲ ಹೊಲಿದೆ. ಹೊಲಿಗೆ ನೇರವಾಗಿ ಬಂತು.

ಓಡಿಬಂದು ಗೊಳೋ ಎನ್ನಬೇಡ. ಬೈಯುವುದು ಇನ್ನೂ ಬಾಕಿಯಿದ್ದರೆ ಬಾ.

ನಿನ್ನ
ಅಕ್ಕ

ತಾ.ಕ.: ಮದುವೆಗೆ ಬಂದಿದ್ದೆ ಕಣೇ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಾಚೆಯ ಕಂಬದ ಮರೆಯಲ್ಲಿ ಹತ್ತು ನಿಮಿಷ ನಿಂತಿದ್ದೆ. ಆಗ ನನಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಮದುಮಗಳ ಪಕ್ಕದಲ್ಲಿ ಇಬ್ಬರು ಪುಟ್ಟಿಯರು. ಇಬ್ಬರೂ ಯಾರನ್ನೋ ಕಾಯುವ ಹಾಗೆ ಬಾಗಿಲ ಕಡೆಗೇ ನೋಡುತ್ತಿದ್ದರು. ಎದುರಿಗೆ ಬರಲು ನನಗೆ ಧೈರ್ಯ ಸಾಲಲಿಲ್ಲ.