ವಿಜ್ಞಾನದ ಕೋಣೆಯ ಆ್ಯಡ್ ಬ್ಲಾಕರ್

ಓಲ್ಡ್ ಟೌನ್, ಭದ್ರಾವತಿ
ಭಾನುವಾರ

ಪ್ರೀತಿಯ ಪ್ರಿಯಂವದಾ,

ಇಷ್ಟು ದಪ್ಪದ ಲಕೋಟೆ ನೋಡಿ ನನ್ನ ಬೀಳ್ಕೊಡುಗೆಯ ಆಹ್ವಾನ ಪತ್ರಿಕೆ ಇರಬಹುದು ಎಂದುಕೊಳ್ಳಬೇಡ. ಮಾರ್ಚ್ ಮುಗಿದರೆ ನನಗೆ ನಿವೃತ್ತಿ ಎಂಬುದು ನಿನಗೆ ಗೊತ್ತೇ ಇದೆ. ಬರೆಯುತ್ತಿರುವುದು ಅದಕ್ಕಲ್ಲ. ಫೋನಿನಲ್ಲೇ ಹೇಳಿಬಿಡೋಣವೆಂದು ಎರಡು ಸಲ ನಿನ್ನ ನಂಬರ್ ಒತ್ತಿದೆ. ನೀನು ‘ಹೇಳಿ ಟೀಚರ್’ ಎಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆಂದು ಗೊತ್ತಿದ್ದರಿಂದ ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಪತ್ರದಲ್ಲಿ ವಿಷಯವನ್ನು ಮೊದಲ ಸಾಲಿನಲ್ಲೇ ಹೇಳಬೇಕೆಂದು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಇವತ್ತು ನನ್ನಿಂದಲೇ ಅದು ಆಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೊನೆಯವರೆಗೂ ಓದು.

ಕಳೆದ ಜೂನಿನಲ್ಲಿ ನೀನು ನಮ್ಮ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದೆಯಲ್ಲ, ಅವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಿನ್ನನ್ನು ‘ನನ್ನ ಹುಡುಗಿ’ ಎಂದು ಪರಿಚಯಿಸಿದ್ದು ನಾನೇ. ಇದೇ ಶಾಲೆಯ ಬೆಂಚಿನಲ್ಲಿ ಕೂತು ನನ್ನ ಹತ್ತಿರ ಹಳಗನ್ನಡ ಓದಿದವಳು, ದಿನಕ್ಕೊಂದು ಪುಟ ಕಾಪಿ ಬರೆದು ನನ್ನಿಂದ ಅಕ್ಷರ ತಿದ್ದಿಸಿಕೊಂಡವಳು, ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆಂದರೆ ಯಾವ ಟೀಚರಿಗೆ ಹೆಮ್ಮೆಯಾಗುವುದಿಲ್ಲ? ಆ ಹೆಮ್ಮೆ ನಿಜವಾದದ್ದೇ ಆಗಿತ್ತು. ಸುಮಾರು ಒಂದು ತಿಂಗಳು ಇತ್ತು.

ಆಮೇಲೆ ಮಕ್ಕಳು ಹುಟ್ಟಿದಹಬ್ಬದ ಚಾಕಲೇಟನ್ನು ಮೊದಲು ನಿನಗೆ ಕೊಟ್ಟು ನಂತರ ನನ್ನ ಮೇಜಿಗೆ ಬರತೊಡಗಿದರು. ಇಷ್ಟು ಸಣ್ಣದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಾನು ಲೆಕ್ಕವಿಡುತ್ತಿದ್ದೆ, ಪ್ರಿಯಂವದಾ. ಸಂಜೆ ನಿನ್ನ ಶಿವಮೊಗ್ಗ ಬಸ್ಸು ಬರುವವರೆಗೆ ಹತ್ತು ಹನ್ನೆರಡು ಹುಡುಗಿಯರು ನಿನ್ನ ಸುತ್ತ ನಿಂತು ಹರಟುತ್ತಿದ್ದರು. ನಾನು ಅದೇ ದಾರಿಯಲ್ಲಿ ಮನೆಗೆ ನಡೆದು ಹೋದರೆ ‘ನಮಸ್ತೆ ಟೀಚರ್’ ಎಂದು ಒಂದೇ ರಾಗದಲ್ಲಿ ಹೇಳಿ ನಿನ್ನ ಕಡೆಗೇ ತಿರುಗುತ್ತಿದ್ದರು. ಒಂದು ದಿನ ಒಂಬತ್ತನೇ ತರಗತಿಯ ತನುಶ್ರೀ, ಪ್ರಿಯಂವದಾ ಟೀಚರ್ ಬೋರ್ಡಿನ ಮೇಲೆ ಬರೆದರೆ ಅಚ್ಚು ಹಾಕಿದ ಹಾಗಿರುತ್ತದೆ ಎಂದು ನನ್ನೆದುರಿಗೇ ಗೆಳತಿಗೆ ಹೇಳಿದಳು. ಆ ಅಕ್ಷರ ನನ್ನದು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಮನೆಗೆ ಬಂದು ಊಟವನ್ನೂ ಮಾಡಲಿಲ್ಲ.

ದಸರಾ ರಜೆ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಗಳು ಕೊಟ್ಟ ಎರಡು ಕಂಪ್ಯೂಟರ್, ಎರಡು ದೊಡ್ಡ ಟಿವಿ ಬಂದವು. ಒಂದು ನಿನ್ನ ವಿಜ್ಞಾನದ ಕೋಣೆಗೆ, ಇನ್ನೊಂದು ನಾನು ಪಾಠ ಮಾಡುವ ಕೋಣೆಗೆ. ನಾನೂ ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸಲು ಒಂಬತ್ತನೆಯವರಿಗೆ ಒಂದು ಗಮಕ ವಾಚನ ಹಾಕಿದೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಅಳಲು ಅದು. ಗಮಕಿಯ ದನಿ ಏರುತ್ತಿತ್ತು, ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಥಟ್ಟನೆ ಅದು ನಿಂತು ಹೆಂಗಸರ ಒಳ ಉಡುಪಿನ ಜಾಹೀರಾತು ಟಿವಿಯ ತುಂಬ ಬಂತು. ಗಾಬರಿಯಲ್ಲಿ ಅದನ್ನು ಮುಚ್ಚಿ, ಪದ್ಯದ ಅರ್ಥವಿರುವ ಬೇರೆ ಪುಟ ತೆರೆದರೆ ಅಲ್ಲಿ ನಾನು ಕಾರು ಗೆದ್ದಿದ್ದೇನೆಂದು ಏನೋ ಮಿನುಗತೊಡಗಿತು. ಮುಚ್ಚಲು ಹೋಗಿ ಎಲ್ಲಿ ಒತ್ತಿದೆನೋ, ಒಂದರ ಮೇಲೊಂದು ನಾಲ್ಕು ಕಿಟಕಿ ತೆರೆದುಕೊಂಡವು. ಇಡೀ ತರಗತಿ ನಕ್ಕಿತು. ಆ ನಗುವನ್ನಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ಹಿಂದಿನ ಬೆಂಚಿನಿಂದ ಯಾರೋ ಹೇಳಿದರು:

“ಪ್ರಿಯಂವದಾ ಟೀಚರ್ ಕ್ಲಾಸಲ್ಲಿ ಒಂದೂ ಆ್ಯಡ್ ಬರಲ್ಲ.”

ಸುದ್ದಿ ಮಧ್ಯಾಹ್ನದೊಳಗೆ ನಿನ್ನ ಕಿವಿಗೂ ಬಿದ್ದಿತ್ತು. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟು ನನ್ನ ಹತ್ತಿರ ಬಂದೆ. ಆ್ಯಡ್ ಬ್ಲಾಕರ್ ಅಂತ ಒಂದಿದೆ, ಅದನ್ನು ಹಾಕಿದರೆ ಈ ಕಾಟ ಇರುವುದಿಲ್ಲ, ಹತ್ತು ನಿಮಿಷದ ಕೆಲಸ, ನಿಮ್ಮ ಕಂಪ್ಯೂಟರಿಗೂ ಹಾಕಿಕೊಡುತ್ತೇನೆ ಎಂದೆ. ನಿನ್ನ ಮುಖದಲ್ಲಿ ನಗುವಿರಲಿಲ್ಲ, ನನ್ನ ಬಗ್ಗೆ ಕಳವಳವಿತ್ತು. ಅದೇ ನನಗೆ ಸಹಿಸಲಾಗಲಿಲ್ಲ. ನಾನು ಬಾಯಲ್ಲೇ ಪಾಠ ಮಾಡುವವಳು, ನನಗೆ ಇವೆಲ್ಲ ಬೇಡ ಎಂದು, ಬೇರೆ ಟೀಚರುಗಳಿಗೂ ಕೇಳಿಸುವ ಹಾಗೆ ಹೇಳಿದೆ. ಅವತ್ತಿನಿಂದ ನನ್ನ ಕೋಣೆಯ ಟಿವಿಗೆ ಬಟ್ಟೆ ಹೊದಿಸಿಟ್ಟೆ.

ಬೇಡವೆಂದವಳು ಸುಮ್ಮನಿರಬೇಕಿತ್ತು. ಶಿವಮೊಗ್ಗಕ್ಕೆ ತಮ್ಮನ ಮನೆಗೆ ಹೋದಾಗ ಅವನ ಮಗಳು ಬಿಂದುಶ್ರೀಯನ್ನು ಕೂರಿಸಿಕೊಂಡು ಅದು ಏನು, ಹೇಗೆ ಹಾಕುವುದು ಎಂದು ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಅವಳ ಲ್ಯಾಪ್‌ಟಾಪಿನ ಮೂಲೆಯಲ್ಲಿ ಗುರಾಣಿಯಂಥ ಪುಟ್ಟ ಗುರುತಿತ್ತು. ಅದನ್ನು ಒತ್ತಿದರೆ ಬಣ್ಣ ಮಾಸಿ, ತಡೆ ಹೋಗಿ, ಜಾಹೀರಾತುಗಳೆಲ್ಲ ನುಗ್ಗಿ ಬರುತ್ತಿದ್ದವು. ಮತ್ತೆ ಒತ್ತಿದರೆ ಪುಟ ಸ್ವಚ್ಛ. ಅಷ್ಟು ಸುಲಭ. ನನ್ನ ಕಂಪ್ಯೂಟರಿಗೆ ನಾನೇ ಹಾಕಿಕೊಂಡು ನಿನ್ನ ಹಂಗಿಲ್ಲದೆ ಪಾಠ ಮಾಡಬೇಕೆಂದೇ ಕಲಿತದ್ದು. ಇದು ಸುಳ್ಳಲ್ಲ. ಕಲಿತದ್ದನ್ನು ಬೇರೆಯದಕ್ಕೆ ಬಳಸಿದೆ.

ಜನವರಿಯ ಮೂರನೇ ಶನಿವಾರ ಪೋಷಕರ ಸಭೆ. ನಿನ್ನದು ಒಂದು ವರ್ಷದ ತಾತ್ಕಾಲಿಕ ನೇಮಕ. ಪೋಷಕರ ಮುಂದೆ ನೀನು ಮಾಡುವ ಪಾಠವನ್ನು ಆಡಳಿತ ಮಂಡಳಿಯವರೂ ನೋಡಿ, ಆಮೇಲೆ ಕಾಯಂ ಮಾಡುವುದೆಂದು ಮಾತಾಗಿತ್ತು. ನೀನು ಹೃದಯದ ಪಾಠಕ್ಕೆ ಇಂಟರ್ನೆಟ್ಟಿನ ಪುಟ ತೆರೆದು ಎಲ್ಲ ಸಿದ್ಧ ಮಾಡಿಟ್ಟು, ಕೋಣೆಗೆ ಬೀಗ ಹಾಕಿಸಿ, ಗೇಟಿನ ಹತ್ತಿರ ಪೋಷಕರನ್ನು ಬರಮಾಡಿಕೊಳ್ಳಲು ಹೋದೆ. ಅವರೆಲ್ಲ ನಿನ್ನನ್ನು ಸುತ್ತಿಕೊಂಡರು. ನನ್ನ ಹತ್ತಿರ ಓದಿದ ಎಷ್ಟೋ ಜನ ಆ ಪೋಷಕರಲ್ಲಿ ಇದ್ದರು. ನಾನು ಜಗುಲಿಯ ಕಂಬದ ಪಕ್ಕದಲ್ಲೇ ನಿಂತಿದ್ದೆ. ಒಬ್ಬರೂ ಈ ಕಡೆ ನೋಡಲಿಲ್ಲ. ಆಗ ನನ್ನೊಳಗೆ ಏನೋ ಹೊತ್ತಿಕೊಂಡಿತು. ಆಯಾ ಉಚ್ಚಂಗಮ್ಮನನ್ನು ಕರೆದು, ಚಾರ್ಟ್ ತೆಗೆದುಕೊಳ್ಳಬೇಕು, ವಿಜ್ಞಾನದ ಕೋಣೆಯ ಬೀಗ ತೆಗೆ ಎಂದೆ. ಒಳಗೆ ಹೋಗಿ ನಿನ್ನ ಕಂಪ್ಯೂಟರಿನ ಮುಂದೆ ನಿಂತೆ. ಗುರಾಣಿ ಅಲ್ಲೇ ಇತ್ತು. ಒತ್ತಿದೆ. ಬಣ್ಣ ಮಾಸಿತು. ಒಂದು ನಿಮಿಷವೂ ಹಿಡಿಯಲಿಲ್ಲ.

ಮುಂದಿನದು ನಿನಗೆ ಗೊತ್ತು. ಆದರೆ ನಾನು ಕೂತಲ್ಲಿಂದ ಹೇಗೆ ಕಂಡಿತು ಎಂಬುದು ಗೊತ್ತಿಲ್ಲ. ಮಿಡಿಯುವ ಹೃದಯದ ಚಿತ್ರದ ಮೇಲೆ ಮೊದಲು ಇಸ್ಪೀಟಾಟದ ಜಾಹೀರಾತು ಬಂತು, ನೀನು ಮುಚ್ಚಿದೆ. ಆಮೇಲೆ ಬಂದ ಕಿಟಕಿಯಲ್ಲಿ ಅರೆಬೆತ್ತಲೆ ಹೆಂಗಸರು, ನಿಮ್ಮ ಊರಿನ ಹುಡುಗಿಯರೊಂದಿಗೆ ಮಾತಾಡಿ ಎಂಬ ಬರಹ. ಮುಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಮಗಳ ಕಣ್ಣಿಗೆ ಸೆರಗು ಅಡ್ಡ ಹಿಡಿದರು. ಮಂಡಳಿಯ ಕಾರ್ಯದರ್ಶಿ ಸುಬ್ಬಪ್ಪನವರು ಎದ್ದು ನಿಂತು ಟಿವಿ ಆರಿಸಿ ಎಂದರು. ನೀನು ತಂತಿಯನ್ನೇ ಎಳೆದು ಹಾಕಿದೆ. ನಿನ್ನ ಕಿವಿಗಳು ಕೆಂಪಾಗಿದ್ದವು. ನನಗೆ ಸಂತೋಷವಾಯಿತು, ಪ್ರಿಯಂವದಾ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ನಿಜವಾಗಿ ಸಂತೋಷವಾಯಿತು.

ಆದರೆ ನೀನು ಅಳಲಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡು ಬೋರ್ಡಿನ ಮೇಲೆ ಹೃದಯ ಬರೆದೆ. ನಾಲ್ಕು ಕೋಣೆಗಳ ಹೆಸರು ಬರೆದೆ. ಎಲ್ಲರೂ ತಮ್ಮ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ ಎಂದೆ. ಮೊದಲು ಯಾರೂ ಕೈ ಎತ್ತಲಿಲ್ಲ. ಹಿಂದೆ ಕೂತಿದ್ದ ಮುದುಕರೊಬ್ಬರು, ಯಾರದೋ ಅಜ್ಜ, ತಮ್ಮ ಕೈ ಹಿಡಿದು ‘ಸಿಕ್ತು’ ಎಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಿಡಿದರು. ನಾನೂ ನನ್ನ ನಾಡಿ ಹಿಡಿದು ಕೂತಿದ್ದೆ. ಅಷ್ಟು ಅವಮಾನದ ನಡುವೆ ಅಂಥ ಪಾಠವನ್ನು ನಾನು ನನ್ನ ಜೀವಮಾನದಲ್ಲಿ ಮಾಡಿದ್ದಿಲ್ಲ. ಆಗಲೂ ಪಶ್ಚಾತ್ತಾಪ ಬರಲಿಲ್ಲ ನನಗೆ. ಮೊದಲಿಗಿಂತ ಹೆಚ್ಚು ಉರಿಯಿತು.

ಇಬ್ಬರು ಪೋಷಕರು ಬರೆದು ದೂರು ಕೊಟ್ಟರು. ಮಂಡಳಿಯವರು ನಿನ್ನನ್ನು ಕರೆದು ಕೇಳಿದಾಗ, ಪಾಠಕ್ಕೆ ಮೊದಲು ಮತ್ತೊಮ್ಮೆ ನೋಡಿಕೊಳ್ಳಬೇಕಿತ್ತು, ನನ್ನದೇ ತಪ್ಪು ಎಂದೆಯಂತೆ. ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಿದರು. ನಿನ್ನ ಕೊನೆಯ ದಿನ ನನಗೂ ಶಿವಮೊಗ್ಗಕ್ಕೆ ಹೋಗುವುದಿತ್ತು. ಒಂದೇ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟೆ. ಅರ್ಧ ದಾರಿ ಕಳೆದ ಮೇಲೆ ನೀನು ಕೇಳಿದೆ:

“ಟೀಚರ್, ಅವತ್ತು ನೀವು ನನ್ನ ರೂಮಿಗೆ ಬಂದಿದ್ರಾ?”

“ಇಲ್ಲಮ್ಮ. ನಾನ್ಯಾಕೆ ಬರ್ಲಿ?” ಎಂದೆ.

“ಸರಿ ಟೀಚರ್,” ಎಂದೆ ನೀನು. ಇಳಿಯುವಾಗ ನನ್ನ ಚೀಲವನ್ನೂ ನೀನೇ ಹಿಡಿದುಕೊಂಡು ಇಳಿದೆ.

ನೀನು ಹೋದ ಮೇಲೆ ಮಕ್ಕಳು ನನ್ನ ಹತ್ತಿರ ಬರುತ್ತಾರೆಂದುಕೊಂಡಿದ್ದೆ. ಬರಲಿಲ್ಲ. ಮೊನ್ನೆ ಸೋಮವಾರ ಜಗುಲಿಯಲ್ಲಿ ನಿಂತು ಪಿ.ಟಿ. ಟೀಚರ್ ಹತ್ತಿರ, ಈಗಿನ ಹುಡುಗಿಯರಿಗೆ ಜವಾಬ್ದಾರಿ ಎಂಬುದೇ ಇಲ್ಲ ಎಂದು ನಿನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೆ. ಕಸ ಗುಡಿಸುತ್ತಿದ್ದ ಉಚ್ಚಂಗಮ್ಮ ಪೊರಕೆ ನಿಲ್ಲಿಸಿದಳು. ಪಿ.ಟಿ. ಟೀಚರ್ ಹೋಗುವವರೆಗೆ ಕಾದು ನನ್ನ ಹತ್ತಿರ ಬಂದಳು.

“ಚಾರ್ಟು ಅಂತ ಬೀಗ ತೆಗೆಸಿದ್ರಿ, ಬರಿಗೈಲಿ ಆಚೆಗೆ ಬಂದ್ರಿ. ನಾನು ಆ ಸೋಮವಾರಾನೇ ಟೀಚರಮ್ಮಂಗೆ ಹೇಳ್ದೆ. ಯಾರಿಗೂ ಹೇಳಬೇಡಿ ಅಂತ ಆಯಮ್ಮ ನನ್ನ ಕೈ ಹಿಡ್ಕೊಂಡ್ರು. ಅದಕ್ಕೇ ಸುಮ್ನಿದೀನಿ. ನೀವೂ ಸುಮ್ನಿರಿ ಮೇಡಂ.”

ಅಂದರೆ ಬಸ್ಸಿನಲ್ಲಿ ಕೇಳುವಾಗ ನಿನಗೆ ಎಲ್ಲ ಗೊತ್ತಿತ್ತು. ನಾನೇ ಹೇಳಲಿ ಎಂದು ನೀನು ಕೇಳಿದ್ದೆ. ನಾನು ನಿನ್ನ ಮುಖ ನೋಡುತ್ತಲೇ ‘ಇಲ್ಲ’ ಎಂದೆ.

ಮರುದಿನ ಹೆಡ್ಮಾಸ್ಟರ್ ಯಜ್ಞನಾರಾಯಣ ಅವರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಅವರು ಎರಡು ಸಲ ಓದಿದರು. ನಿವೃತ್ತಿಗೆ ಇನ್ನು ತಿಂಗಳು ಚಿಲ್ಲರೆ ಇರುವಾಗ ಇದನ್ನೆಲ್ಲ ಯಾಕೆ ಕೆದಕುತ್ತೀರಿ, ಹರಿದು ಹಾಕಲೇ ಎಂದು ಮೆಲ್ಲಗೆ ಕೇಳಿದರು. ಬೇಡವೆಂದೆ. ಗುರುವಾರ ಮಂಡಳಿಯ ಏಳು ಜನ ಸೇರಿದ್ದರು. ಸುಬ್ಬಪ್ಪನವರ ಇಬ್ಬರು ಮಕ್ಕಳಿಗೂ ಕನ್ನಡ ಕಲಿಸಿದವಳು ನಾನು. ಅವರಿಗೆ ನನ್ನನ್ನು ಗದರಿಸಲು ಆಗಲಿಲ್ಲ. ತಲೆ ತಗ್ಗಿಸಿಯೇ ಕೇಳಿದರು:

“ಯಾಕೆ ಹೀಗೆ ಮಾಡಿದ್ರಿ ಮೇಡಂ?”

“ಹೊಟ್ಟೆಕಿಚ್ಚಿಗೆ,” ಎಂದೆ.

ಅದಕ್ಕಿಂತ ಒಳ್ಳೆಯ ಪದ ನನ್ನ ಹತ್ತಿರ ಇರಲಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಒಂದು ಟಿಪ್ಪಣಿ ಬೀಳುತ್ತದೆ. ಬೀಳ್ಕೊಡುಗೆ ಸಮಾರಂಭ ಬೇಡವೆಂದು ನಾನೇ ಹೇಳಿದೆ, ಯಾರೂ ಒತ್ತಾಯ ಮಾಡಲಿಲ್ಲ. ನಿನ್ನನ್ನು ಮತ್ತೆ ಕರೆಸಿ ಕಾಯಂ ಮಾಡುವುದೆಂದು ನಿರ್ಣಯವಾಗಿದೆ. ಮಂಡಳಿಯ ಪತ್ರ ಈ ವಾರ ನಿನ್ನ ಕೈ ಸೇರುತ್ತದೆ. ಅದಕ್ಕೆ ಮೊದಲು ನನ್ನ ಪತ್ರ ಸೇರಲಿ ಎಂದು ನಾಳೆ ಬೆಳಿಗ್ಗೆಯೇ ಅಂಚೆಗೆ ಹಾಕುತ್ತೇನೆ. ಶಿವಮೊಗ್ಗದ ಟ್ಯೂಷನ್ ಸೆಂಟರಿನಲ್ಲಿ ಸೇರಿದ್ದೀಯೆಂದು ಕೇಳಿದೆ. ಬರುವುದು ಬಿಡುವುದು ನಿನ್ನ ಇಷ್ಟ. ನಾನಿದ್ದೇನೆಂಬ ಕಾರಣಕ್ಕೆ ಬೇಡವೆನ್ನಬೇಡ.

ಈಗ ಮನಸ್ಸು ಹಗುರಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಬರುತ್ತೀಯೆಂಬ ಸುದ್ದಿ ಶುಕ್ರವಾರ ಹಬ್ಬಿ ಮಕ್ಕಳು ಕುಣಿದಾಡಿದ್ದನ್ನು ನೋಡಿ ನನಗೆ ಮತ್ತೆ ಅದೇ ಉರಿ ಎದ್ದಿತು. ಅರವತ್ತು ತುಂಬುತ್ತಿರುವ ಹೆಂಗಸಿನೊಳಗೆ ಇದು ಎಲ್ಲಿ ಅಡಗಿ ಕೂತಿತ್ತೋ ತಿಳಿಯದು. ಇದೆ ಎಂದು ಈಗ ಗೊತ್ತು, ಅಷ್ಟೆ.

ನಿನ್ನಲ್ಲಿ ಒಂದೇ ಕೋರಿಕೆ. ಈ ಪತ್ರ ಓದಿ ಕೋಪಿಸಿಕೋ. ಒಂದಿಷ್ಟು ದಿನ ನನ್ನ ಹೆಸರೆತ್ತಿದರೆ ನಿನಗೆ ಸಿಟ್ಟು ಬರಲಿ. ಬೇಗ ಕ್ಷಮಿಸಬೇಡ. ನೀನು ಬೇಗ ಕ್ಷಮಿಸಿಬಿಟ್ಟರೆ, ಅಷ್ಟು ದೊಡ್ಡ ಮನಸ್ಸು ನಿನಗಿದೆ ನನಗಿಲ್ಲವಲ್ಲ ಎಂದು ಅದಕ್ಕೂ ನಾನು ಕರುಬುತ್ತೇನೆ.

ನಿನ್ನ ತರಗತಿ ಯಾವಾಗಲೂ ತುಂಬಿರಲಿ, ಮಗಳೇ.

ಒಂದು ಕಾಲಕ್ಕೆ ನಿನ್ನ ಟೀಚರ್ ಆಗಿದ್ದ
ಯಶೋಧರಾ