ಇಳುಕಲಿನ ಕೂಗು

ಮೇ 24, 2022. ಮಧ್ಯಾಹ್ನ

ಕೇಳಿರಿ, ನೆರೆದ ಮಹಾಜನರೇ! ನೋಟ್‌ಬುಕ್ಕಿನ ಗೆರೆಗಳೇ, ಇಂದಿನಿಂದ ನೀವೇ ನನ್ನ ಸಭೆ. ಗಂಟಲಲ್ಲಿ ಗಂಟು. ಒಂದು ತಿಂಗಳು ಮಾತು ಬಿಡು ಎಂದರು ರಾಯಚೂರಿನ ಡಾಕ್ಟರು. ಮೂವತ್ತು ವರ್ಷ ಬಯಲಾಟದಲ್ಲಿ ಮೈಕಿಲ್ಲದೆ ದುರ್ಯೋಧನನಾಗಿ ಗುಡುಗಿದ ಗಂಟಲು ಇದು. ನಾನು ದುಡಿಯುವ ಪಾರ್ಕಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಗೈಡ್ ಕೆಲಸ ಹೋಗುತ್ತದೆ.

ನನ್ನ ಪಾಲಿಗೆ ಬಂದದ್ದು ಸೈಕಲ್ ಕಲಿಯುವ ಹೊಸಬರ ದಾರಿ. ಎರಡು ಕಿಲೋಮೀಟರ್, ಹಸಿರು ಬಾಣ. ನಡೆಯುವವರು ಎಡಕ್ಕೆ, ಸೈಕಲ್ಲು ಬಲಕ್ಕೆ. ಇರುವುದು ಒಂದೇ ಇಳುಕಲು, ಕೆಳಗೆ ತಿರುವು.

ಪಾರ್ಕಿನ ಆಫೀಸರ್ ಪ್ರಹ್ಲಾದ, ಇಳುಕಲಿನಲ್ಲಿ ಎಚ್ಚರಿಸಲೆಂದು ಒಂದು ಸೀಟಿ ಕೊಟ್ಟರು. ಮೊಳೆಗೆ ನೇತುಹಾಕಿದೆ. ಸೀಟಿ ಏನಿದ್ದರೂ ಬಸ್ ಕಂಡಕ್ಟರಿಗೆ.

ಮೇ 29

ಆಶಮ್ಮ ನಾಲ್ಕು ದಿನದಿಂದ ಸೈಕಲ್ ಕಲಿಯುತ್ತಿದ್ದಾಳೆ. ನಲವತ್ತೈದು ವರ್ಷ. ಶಾಲೆಯಲ್ಲಿ ಅಡುಗೆ. ದಿನಾ ಮೂರು ಮೈಲಿ ನಡಿಗೆ, ಮೊಣಕಾಲು ಸೋತಿವೆ. ಜೂನ್ 13ಕ್ಕೆ ಶಾಲೆ ತೆರೆಯುವುದರೊಳಗೆ ಕಲಿಯಬೇಕಂತೆ.

"ಇಳುಕಲಾಗ ನಾ ಮುಂದ ನೋಡ್ತಿರ್ತೀನ್ರಿ ಭೀಮಣ್ಣ. ಬ್ರೇಕ್ ಹಿಡಿಯೋದು ಯಾವಾಗ, ನೀವು ಕೂಗ್ರಿ."

"ಕೂಗ್ತೀನಿ ತಾಯಿ. ನನ್ನ ದನಿ ಆಚೆ ಮಕ್ತಲ್ ಊರಿಗೂ ಕೇಳ್ತೈತಿ."

"ಮಕ್ತಲ್ ಬ್ಯಾಡ್ರಿ, ನನಗ ಕೇಳಿದ್ರ ಸಾಕು."

ಜೂನ್ 2

ತೆಲಂಗಾಣ ರಾಜ್ಯ ಬಂದ ದಿನ. ಪಾರ್ಕಿನಲ್ಲಿ ಧ್ವಜ, ಲಾಡು. ಸ್ವಾಗತ ನನ್ನದು. ಮೈಕ್ ಕೊಟ್ಟರು... ಪಕ್ಕಕ್ಕೆ ಸರಿಸಿದೆ. ಅರ್ಧ ತೆಲುಗು, ಅರ್ಧ ಕನ್ನಡ, ಗೇಟಿನಾಚೆಯ ಆಟೋದವರೂ ಇಳಿದು ನಿಂತರು. ಎಂಥ ಚಪ್ಪಾಳೆ. ಸಂಜೆ ಉಗುಳಿದಾಗ ಕೆಂಪು.

ಜೂನ್ 3

ಆಶಮ್ಮ ಇಳುಕಲಿನಲ್ಲಿ ಸೈಕಲ್ ಬಿಟ್ಟಳು. ಬ್ರೇಕಿನ ಜಾಗ ಬಂತು. ಬಾಯಿ ತೆರೆದೆ. ಗಾಳಿ ಬಂತು. ಗಾಳಿ ಮಾತ್ರ.

ತಿರುವಿನ ಬಂಡೆ. ತೊಡೆಯ ಮೂಳೆ ಮುರಿಯಿತು.

ಸೀಟಿ ಮೊಳೆಯಲ್ಲೇ ಇತ್ತು.

ಜೂನ್ 12. ಸಂಜೆ

ಇಂದು ಆಸ್ಪತ್ರೆಗೆ ಹೋದೆ. ಒಂಬತ್ತು ದಿನ ಬೇಕಾಯಿತು. ಆಶಮ್ಮನ ಕಾಲಿಗೆ ರಾಡ್. ಶಾಲೆಯವರು ಬೇರೆ ಅಡುಗೆಯವಳನ್ನು ಗೊತ್ತುಮಾಡಿದ್ದಾರೆ.

ಪ್ರಹ್ಲಾದ ಅಲ್ಲೇ ಇದ್ದರು. ಅವರಿಗೆ ಆಶಮ್ಮ ಹೇಳುತ್ತಿದ್ದಳು: "ಭೀಮಣ್ಣ ಕೂಗಿರ್ತಾರ್ರಿ. ಮಕ್ತಲ್‌ಗೆ ಕೇಳೋ ದನಿ ಅದು, ನನಗ ಕೇಳ್ಲಿಲ್ಲ. ನನ್ನ ಕಿವೀನ ಹೋಗ್ಯಾವ."

"ನಿಂದೇನು ತಪ್ಪಿಲ್ಲ ಬಿಡಪ್ಪ," ಎಂದು ಪ್ರಹ್ಲಾದ ನನ್ನ ಬೆನ್ನು ತಟ್ಟಿದರು.

ಮಗಳು ರಜಿತಾ ತಾಯಿಯ ಸೆರಗು ಸರಿಮಾಡಿ, "ಕಾಲು ಕೂಡಿದ ಮ್ಯಾಲ ಗದ್ವಾಲದಾಗ ಕಿವಿ ತೋರಿಸ್ತೀನವ್ವ," ಎಂದಳು.

ನನಗೆ ದನಿ ಇರಲಿಲ್ಲ, ನಿಜ. ತಲೆ ಇತ್ತಲ್ಲ — ಕೂಗಲಿಲ್ಲವೆಂದು ಅಲ್ಲಾಡಿಸಬಹುದಿತ್ತು. ಅಲ್ಲಾಡಿಸಲಿಲ್ಲ. ಬಾಳೆಹಣ್ಣು ಇಟ್ಟು ಬಂದೆ.

ಮಹಾಜನರೇ, ಆಶಮ್ಮನಿಗೆ ಓದು ಬರುವುದಿಲ್ಲ. ರಜಿತಾ ಕನ್ನಡ ಮೀಡಿಯಂ. ನಾಳೆ ಬೆಳಿಗ್ಗೆ ಎಂಟಕ್ಕೆ ಈ ನೋಟ್‌ಬುಕ್ ಒಯ್ಯುತ್ತೇನೆ. ಮೂರನೇ ತಾರೀಖಿನ ಪುಟ ತೆರೆದು ಅವಳ ಕೈಗೆ ಕೊಟ್ಟು, ನಿನ್ನ ತಾಯಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಮ್ಮ ಎಂದು ಸನ್ನೆ ಮಾಡಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು —