ಮೇಲಿನ ಮೂರು ನಟ್ಟುಗಳು

ಸಂಪತ್,

ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಸ್ಟ್ರಟ್‌ಗಳು ಸವೆದಿವೆ ಎಂದು ಎನ್‌ಸಿಟಿ ವಾಹನ ತಪಾಸಣೆಯಲ್ಲಿ ಫೇಲ್ ಮಾಡಿದರು. ಇವತ್ತು ಐರ್ಲೆಂಡಿನ ಈ ಮೇನೂತಿನ ಮನೆಯೆದುರೇ ಹಳೆಯದನ್ನು ಬಿಚ್ಚಿದೆ. ಬಿಚ್ಚಲು ಒಬ್ಬ ಸಾಕು. ಹೊಸದನ್ನು ಕೂರಿಸಲು ಒಬ್ಬ ಚಕ್ರದ ಕಡೆಯಿಂದ ಎತ್ತಿ ಹಿಡಿಯಬೇಕು, ಇನ್ನೊಬ್ಬ ಬಾನೆಟ್ ತೆರೆದು ಮೇಲಿನಿಂದ ಮೂರು ನಟ್ ಹಾಕಬೇಕು. ಇದನ್ನು ಯಾವ ವಿಡಿಯೊದವನೂ ಹೇಳಿ ಸಾಯುವುದಿಲ್ಲ. ನಾಲ್ಕು ಸಲ ಎತ್ತಿದೆ, ನಾಲ್ಕು ಸಲವೂ ಜಾರಿ ಮೊಣಕಾಲಿಗೆ ಬಡಿಯಿತು. ಸಹಾಯ ಬೇಕೇ ಎಂದ ಪಕ್ಕದ ಮನೆಯ ಬ್ರೆಂಡನ್‌ಗೆ "ಗ್ರ್ಯಾಂಡ್" ಎಂದು, ಇಲ್ಲಿನವರ ಹಾಗೆ ಪರವಾಗಿಲ್ಲವೆಂದು ಹೇಳಿ ಕಳಿಸಿದೆ.

ಹೋದ ವರ್ಷ ಬ್ರೇಕ್ ಬದಲಿಸುವಾಗ ನಿನ್ನ ಕೈಯಿಂದ ಒಂದು ನಟ್ ಬಿದ್ದಿದ್ದಕ್ಕೆ, ಎಲ್ಲರೆದುರು "ನಿನ್ ಕೈಲಿ ಏನೂ ಆಗಲ್ಲ, ಹೋಗು" ಎಂದಿದ್ದೆ. ನೀನು ಹೋದೆ, ಮತ್ತೆ ಬರಲಿಲ್ಲ.

ಐದನೇ ಸಲ ಎತ್ತಿ ಹಿಡಿದು, ತಲೆಯೆತ್ತದೆ ಕೂಗಿದೆ: "ಹಿಡ್ಕೊಂಡಿದ್ದೀನಿ, ನಟ್ ಹಾಕೋ ಸಂಪತ್."

ಮೇಲೆ ನೀನಿಲ್ಲ ಎಂದು ನೆನಪಾದ ಮೇಲೂ ಹಿಡಿದೇ ಇದ್ದೆ.